ತೋಡ ಕಸೂತಿ: ಹಿಂಬದಿಯಿಂದ ಮೂಡುವ ಹೂವು (ನನ್ನ ಅನುಭವ)

ನೀಲಗಿರಿಯ ಬುಡಕಟ್ಟು ಜನರಾದ ತೋಡರಲ್ಲಿ ಗಂಡಸರೂ ಹೆಂಗಸರೂ ಹೊದೆಯುವ ಬಿಳಿ ಹತ್ತಿಯ ಪುತ್ಕುಳಿ ಶಾಲಿನ ಕಸೂತಿ ಸಂಪೂರ್ಣವಾಗಿ ಹೆಣ್ಣುಮಕ್ಕಳ ಕೈಕೆಲಸ. ಧಾರವಾಡದ ಕಸೂತಿಯಲ್ಲಿ ಕೈ ಪಳಗಿದ್ದ ನಾನು ಉದಕಮಂಡಲದ ಬಳಿಯ ಒಂದು ಹಟ್ಟಿಯಲ್ಲಿ ಹಿರಿಯ ತೋಡ ಮಹಿಳೆಯೊಬ್ಬರ ಪಕ್ಕದಲ್ಲಿ ಕುಳಿತು ಇದನ್ನು ಕಲಿತೆ.

ನಮ್ಮ ಕಸೂತಿಯಂತೆ ಇಲ್ಲಿಯೂ ಬಟ್ಟೆಯ ಮೇಲೆ ಗೆರೆ ಹಾಕುವುದಿಲ್ಲ; ಎಳೆ ಎಣಿಸಿಯೇ ಹೊಲಿಯಬೇಕು. ನಮ್ಮ ನಾಲ್ಕು ಹೊಲಿಗೆಗಳಲ್ಲಿ ಇದಕ್ಕೆ ಹತ್ತಿರವಾದುದು ನೇಯ್ಗೆಯಂತೆ ಕಾಣುವ ನೇಗಿ. ಆದರೆ ಆ ನಾಲ್ಕರಲ್ಲಿ ಇನ್ನೊಂದಾದ ಗವಂತಿಯನ್ನು ಎರಡೂ ಬದಿ ಒಂದೇ ರೀತಿ ಕಾಣುವಂತೆ ಹೊಲಿಯುವ ನನಗೆ, ಹೂವು ಎದ್ದು ಕಾಣಬೇಕಾದ ಬದಿಯನ್ನು ಕೆಳಗಿಟ್ಟು, ಹಿಂಬದಿಯನ್ನಷ್ಟೇ ನೋಡುತ್ತಾ ಹೊಲಿಯುವ ಇವರ ಕ್ರಮ ಹೊಸತಾಗಿತ್ತು.

ಚೌಕಟ್ಟನ್ನು ಬಳಸದೆ, ಎಡಗೈ ಬೆರಳುಗಳಿಂದಲೇ ಬಟ್ಟೆಯನ್ನು ಬಿಗಿಹಿಡಿದು, ಹಾಸಿನ (ಉದ್ದ) ಎಳೆಗಳನ್ನು ಎಣಿಸಿ ಕೆಲವನ್ನು ಎತ್ತುತ್ತಾ ಕೆಲವನ್ನು ಬಿಡುತ್ತಾ, ಹೊಕ್ಕಿನ (ಅಡ್ಡ ಎಳೆಯ) ಗುಂಟ ಕೆಂಪು ಅಥವಾ ಕಪ್ಪು ದಾರವನ್ನು ಓಡಿಸುತ್ತೇನೆ. ದಾರವನ್ನು ಪೂರ್ತಿ ಎಳೆದು ಬಿಗಿಯುವುದಿಲ್ಲ. ಸಣ್ಣ ಕುಣಿಕೆಯಷ್ಟು ಸಡಿಲ ಬಿಡುತ್ತೇನೆ. ಆ ಕುಣಿಕೆಗಳೆಲ್ಲ ಕೆಳಬದಿಯಲ್ಲಿ ಒತ್ತಾಗಿ ನಿಂತು, ಬೆರಳಾಡಿಸಿದರೆ ಉಬ್ಬು ತಿಳಿಯುವಷ್ಟು ದಪ್ಪನೆಯ ಮೈ ಕೊಡುತ್ತವೆ. ಶಾಲು ಹೊದ್ದಾಗ ಹೊರಗೆ ಕಾಣುವುದು ಆ ಬದಿಯೇ.

ಬಟ್ಟೆಯ ಆಯ್ಕೆಯಲ್ಲಿ ರಾಜಿಯಾಗಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ನುಣುಪಾದ ಗಿರಣಿ ಬಟ್ಟೆಯಲ್ಲಿ ಎಳೆಗಳು ಕಣ್ಣಿಗೆ ಸಿಗುವುದಿಲ್ಲ; ಹಾಸು ಹೊಕ್ಕುಗಳು ಬಿಡಿಬಿಡಿಯಾಗಿ ಕಾಣುವ ಒರಟು ಕೈಮಗ್ಗದ ಬಟ್ಟೆಯೇ ಆಗಬೇಕು. ಪುತ್ಕುಳಿಯ ಅಂಚಿನ ಕಡೆ ನೇಯ್ಗೆಯಲ್ಲೇ ಕೆಂಪು ಮತ್ತು ಕಪ್ಪು ಪಟ್ಟಿಗಳು ಬಂದಿರುತ್ತವೆ. ಕಸೂತಿ ಆ ಪಟ್ಟಿಗಳ ನಡುವಿನ ಜಾಗವನ್ನು ತುಂಬುತ್ತದೆ. ಕಸೂತಿಯ ಹೊಸ ಸಾಲನ್ನು ನಾನು ನಡುಮಧ್ಯದಿಂದ ಆರಂಭಿಸುತ್ತೇನೆ. ಹಾಗೆ ಮಾಡಿದರೆ ಎರಡೂ ಬದಿಗೆ ಉಳಿಯುವ ಎಳೆಗಳು ಸಮನಾಗಿರುತ್ತವೆ.

ಅವರ ಆಕೃತಿಗಳಲ್ಲಿ ನನಗೆ ಬಹಳ ಪ್ರಿಯವಾದುದು ಎಮ್ಮೆಯ ಕೊಂಬು. ಎಮ್ಮೆಯನ್ನು ಪವಿತ್ರವೆಂದು ಭಾವಿಸಿ, ಅದರ ಹಾಲಿನ ಸುತ್ತಲೇ ಪೂಜೆ ಪುನಸ್ಕಾರಗಳನ್ನು ಕಟ್ಟಿಕೊಂಡವರ ಬಟ್ಟೆಯಲ್ಲಿ ಅದು ಬರಿಯ ಅಲಂಕಾರವಾಗಿ ಉಳಿಯುವುದಿಲ್ಲ. ಸತ್ತವರಿಗೆ ಹೊದಿಸುವುದೂ ಇದೇ ಕಸೂತಿಯ ಶಾಲನ್ನೇ.

ತೋಡ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆತಿದೆ. ಆ ಹೆಸರು ಆ ಹೆಣ್ಣುಮಕ್ಕಳಿಗೇ ಸೇರಿದ್ದು. ಆದ್ದರಿಂದ ನಾನು ಹೊಲಿದದ್ದನ್ನು ಮಾರುವುದಿಲ್ಲ; ಶಾಲು ಬೇಕೆಂದು ಕೇಳುವವರಿಗೆ ಅವರಿಂದಲೇ ನೇರವಾಗಿ ಕೊಳ್ಳಲು ಹೇಳುತ್ತೇನೆ.