ಹಂಚಿಕೆಯ ಇಂಟರ್ನೆಟ್: ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಬಗೆ

ಹೊಸ ಅಪಾರ್ಟ್‌ಮೆಂಟಿನಲ್ಲಿ ಹಲವರು ಹಂಚಿಕೊಂಡ ಸಂಪರ್ಕ ನಿಧಾನವಾದಾಗ, ದೋಷವು ಹೊರಗಿನಿಂದ ಬರುವ ಲೈನಿನಲ್ಲಿದೆಯೋ ಮನೆಯೊಳಗಿನ ವೈಫೈನಲ್ಲಿದೆಯೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಉಳಿದವರೆಲ್ಲರೂ ಬಳಕೆ ನಿಲ್ಲಿಸಿರುವಾಗ ಒಂದು ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೌಟರಿಗೆ ಜೋಡಿಸಿ ವೇಗವನ್ನು ಅಳೆಯಿರಿ. ಅಲ್ಲಿಯೂ ಕಡಿಮೆಯಿದ್ದರೆ ಸೇವೆ ಒದಗಿಸುವವರಿಗೆ ದೂರು ಕೊಡಬೇಕು. ಆದರೆ ವೇಗವು 100 ಎಂಬಿಪಿಎಸ್ ಹತ್ತಿರವೇ ನಿಂತುಬಿಟ್ಟಿದ್ದರೆ ದೂರಿಗೆ ಮುನ್ನ ಕೇಬಲನ್ನು ಬದಲಿಸಿ ನೋಡುವುದು ಒಳ್ಳೆಯದು, ಏಕೆಂದರೆ ಗಿಗಾಬಿಟ್ (1000 ಎಂಬಿಪಿಎಸ್) ವೇಗಕ್ಕೆ ಅದರೊಳಗಿನ ನಾಲ್ಕೂ ಜೋಡಿ ತಂತಿಗಳು ಸರಿಯಾಗಿರಬೇಕು; ಒಂದು ಜೋಡಿ ಕೆಟ್ಟರೂ ವೇಗ 100ಕ್ಕೆ ಇಳಿಯಬಹುದು.

ಕೇಬಲಿನಲ್ಲಿ ವೇಗ ಸರಿಯಿದ್ದರೆ ತೊಂದರೆ ವೈಫೈನದು. ನೆರೆಮನೆಗಳ ರೌಟರುಗಳು ಕಿಕ್ಕಿರಿದಿರುವ ಕಟ್ಟಡದಲ್ಲಿ, ವೈಫೈ ಬಳಸುವ ರೇಡಿಯೋ ತರಂಗಪಟ್ಟಿಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನ ಚಾನೆಲ್‌ಗಳ ಪೈಕಿ ಒಂದರ ಮೇಲೊಂದು ಬೀಳದ 1, 6, 11ರಲ್ಲಿ ದಟ್ಟಣೆ ಕಡಿಮೆಯಿರುವುದನ್ನು ಆರಿಸಿಕೊಳ್ಳಿ. ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್ ಹೆಚ್ಚು ವೇಗದ್ದಾದರೂ ಗೋಡೆಗಳನ್ನು ದಾಟುವಾಗ ಬೇಗ ದುರ್ಬಲವಾಗುವುದರಿಂದ, ರೌಟರನ್ನು ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಡಿ.

ಒಬ್ಬರಿಗೆ ಮಾತ್ರ ಸಂಪರ್ಕ ಸಿಗದೆ, ಅವರ ಸಾಧನದ ಐಪಿ ವಿಳಾಸವು (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) 169.254 ಎಂದು ಆರಂಭವಾಗಿದ್ದರೆ, ಆ ಸಾಧನಕ್ಕೆ ರೌಟರಿನಿಂದ ವಿಳಾಸ ದೊರೆತಿಲ್ಲವೆಂದು ಅರ್ಥ. ಯಾರಾದರೂ ತಮ್ಮ ಕೋಣೆಯಲ್ಲಿ ಎರಡನೆಯ ರೌಟರನ್ನು ಜೋಡಿಸಿಕೊಂಡಿದ್ದರೆ, ಎರಡೂ ವಿಳಾಸ ಹಂಚಿ ಗೊಂದಲವಾಗದಂತೆ ಅದನ್ನು, ವಿಳಾಸ ಹಂಚದೆ ಸಂಪರ್ಕವನ್ನು ಮಾತ್ರ ಒದಗಿಸುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸಿ.