ಉಪ್ಪಿನ ಭಟ್ಟಿಯಲ್ಲಿ ಪಾತ್ರೆ ಕೆಟ್ಟರೆ ಮೊದಲು ಎಲ್ಲಿ ನೋಡಬೇಕು?

ಪಾತ್ರೆಗೆ ಮೆರುಗು ಬರಲೆಂದು ಉರಿಗೆ ಉಪ್ಪು ಹಾಕಿ ಸುಡುವ ಭಟ್ಟಿ ಬಿಚ್ಚಿದಾಗ ಭರಣಿಯ ಒಂದು ಮಗ್ಗುಲು ಕಿತ್ತಳೆ ಸಿಪ್ಪೆಯ ಹಾಗೆ ಮಿನುಗುತ್ತಿದೆ, ಇನ್ನೊಂದು ಮಗ್ಗುಲು ಒಣ ಮಣ್ಣಾಗಿಯೇ ಉಳಿದಿದೆ. ‘ಉಪ್ಪು ಸಾಲಲಿಲ್ಲ’ ಎಂದು ಮುಂದಿನ ಸಲ ಎರಡು ಕಿಲೋ ಹೆಚ್ಚು ಸುರಿಯುವುದು ರೂಢಿ. ಬಹಳ ಸಲ ಇದು ತಪ್ಪು ಮದ್ದು. ಮಣ್ಣಿನಲ್ಲಿ ಗಾಜಿಗೆ ಮೂಲವಾದ ಸಿಲಿಕಾ ಸಾಕಷ್ಟಿದೆಯೇ, ಭಟ್ಟಿಗೆ ಕಾವು ಏರಿತ್ತೇ, ಆವಿಗೆ ಹೋಗಲು ದಾರಿಯಿತ್ತೇ ಎಂಬ ಮೂರನ್ನು ನೋಡಿದ ಮೇಲೆಯೇ ಉಪ್ಪಿನ ಲೆಕ್ಕಕ್ಕೆ ಕೈಹಾಕಬೇಕು.

ಉಪ್ಪು 801 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. 1250 ಡಿಗ್ರಿ ದಾಟಿದ ಭಟ್ಟಿಗೆ ಬಿದ್ದಾಗ ಆವಿಯಾಗಿ, ಉರಿಯಲ್ಲಿರುವ ನೀರಾವಿಯೊಂದಿಗೆ ಸೇರಿ ಒಡೆಯುತ್ತದೆ. ಕ್ಲೋರಿನ್ ಭಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಚಿಮಣಿ ಹಿಡಿಯುತ್ತದೆ. ಸೋಡಿಯಂ ಭಾಗ ಪಾತ್ರೆಯ ಮೈಯಲ್ಲಿರುವ ಸಿಲಿಕಾ, ಅಲ್ಯೂಮಿನಾಗಳನ್ನು ಕರಗಿಸಿ ಗಾಜಾಗುತ್ತದೆ. ಜರ್ಮನಿಯ ರೈನ್ ನದಿ ಸೀಮೆಯ ಹಳೆಯ ಹೂಜಿಗಳ ಮೆರುಗು ಇದೇ. ನಮ್ಮ ಪೇಟೆಗಳ ಹಳೆಯ ಒಳಚರಂಡಿಗಳಲ್ಲಿ ಹಾಕಿದ ಕಂದು ಪೈಪಿನ ಮೆರುಗೂ ಇದೇ. ಉಪ್ಪಿನ ಬದಲು ಬಳಸುವ ಒಗೆಯುವ ಸೋಡಾದಲ್ಲಿ, ಅಂದರೆ ಅದರ ನೀರಿಲ್ಲದ ರೂಪವಾದ ಸೋಡಾ ಆಶ್‌ನಲ್ಲಿ, ಕ್ಲೋರಿನ್ ಇಲ್ಲದ ಕಾರಣ ಆಮ್ಲದ ಹೊಗೆ ಬರುವುದಿಲ್ಲ. ಆದರೆ ಅದು ಉಪ್ಪಿನಷ್ಟು ಸಲೀಸಾಗಿ ಹರಡುವುದಿಲ್ಲ, ಉರಿ ನಡೆದ ದಾರಿಯಲ್ಲೇ ನಡೆಯುತ್ತದೆ. ಸೋಡಾ ಭಟ್ಟಿಯ ಪಾತ್ರೆಗೆ ಎದುರು ಮೈ, ಬೆನ್ನು ಎಂಬ ಭೇದ ಇದ್ದೇ ಇರುತ್ತದೆ. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಮಣ್ಣು

ಕಾಸರಗೋಡಿನ ಕಡೆ ಗದ್ದೆಯಡಿಯಿಂದ ತೆಗೆಯುವ ಆವೆಮಣ್ಣು ಮಡಕೆಗೆ, ಹಂಚಿಗೆ ಒಳ್ಳೆಯದು. ಆದರೆ ಅದರಲ್ಲಿ ಕಬ್ಬಿಣ ಜಾಸ್ತಿ. 1000 ಡಿಗ್ರಿಯ ಆಸುಪಾಸಿನಲ್ಲಿ ಚೆನ್ನಾಗಿ ಬೇಯುವ ಈ ಮಣ್ಣು 1250ಕ್ಕೆ ಹೋಗುವ ಮೊದಲೇ ಉಬ್ಬಿ, ಕುಸಿದು, ಶೆಲ್ಫಿನ ಮೇಲೆ ಹರಿಯುತ್ತದೆ. ಕಾವು ಇಳಿಸಿ 1000ದಲ್ಲೇ ಉಪ್ಪು ಹಾಕಿದರೆ ಮೈ ಮುಚ್ಚುವ ಗಾಜು ಹುಟ್ಟುವುದಿಲ್ಲ, ಪಾತ್ರೆ ನೀರು ಕುಡಿಯುವುದೂ ನಿಲ್ಲುವುದಿಲ್ಲ. ಉಪ್ಪಿನ ಭಟ್ಟಿಗೆ ಹೆಚ್ಚು ಕಾವಿನಲ್ಲಿ ಗಟ್ಟಿಯಾಗಿ ಬೇಯುವ ಸ್ಟೋನ್‌ವೇರ್ ಮಣ್ಣೇ ಬೇಕು. ತೂಕದಲ್ಲಿ ಬಾಲ್ ಕ್ಲೇ (ಜಿಗುಟಾದ ನಯ ಮಣ್ಣು) 40, ಚೀನಾಮಣ್ಣು 30, ಫೆಲ್ಡ್‌ಸ್ಪಾರ್ 15, ಕ್ವಾರ್ಟ್ಸ್ ಪುಡಿ (ಅಂದರೆ ಸಿಲಿಕಾ) 15 ಭಾಗದ ಮಿಶ್ರಣದಿಂದ ಪರೀಕ್ಷೆ ಸುರು ಮಾಡಬಹುದು. ದೊಡ್ಡ ಪಾತ್ರೆಗೆ ಇದರ ಮೇಲೆ 5ರಿಂದ 8 ಭಾಗ ಗ್ರಾಗ್ (ಸುಟ್ಟ ಮಣ್ಣಿನ ತರಿ) ಸೇರಿಸಿ. ಊರಿನ ಆವೆಮಣ್ಣನ್ನು ನೂರಕ್ಕೆ 10ರಷ್ಟು ಕೂಡಿಸಿದರೆ ಬಣ್ಣ ಜೇನುಗಂದಿಗೆ ತಿರುಗುತ್ತದೆ. ಅದಕ್ಕಿಂತ ಮೇಲೆ ಹೋದ ಹಾಗೆ ಕಡುಗಂದಾಗುತ್ತದೆ, ಉಬ್ಬುವ ಅಪಾಯವೂ ಬೆಳೆಯುತ್ತದೆ.

ಭಟ್ಟಿಯ ಎಲ್ಲಾ ಮೂಲೆಗಳಲ್ಲೂ ಪಾತ್ರೆ ಒಂದೇ ರೀತಿ ಮಂಕಾಗಿ, ಆದರೆ ಗಟ್ಟಿಯಾಗಿ ಬಂದಿದ್ದರೆ ಕೊರತೆ ಸಿಲಿಕಾದ್ದು. ಕ್ವಾರ್ಟ್ಸ್ ಐದು ಭಾಗ ಏರಿಸಿ ನೋಡಿ. ಒಮ್ಮೆಲೇ ಹದಿನೈದು ಏರಿಸಬೇಡಿ. ಸಿಲಿಕಾ ಹೆಚ್ಚಾದ ಮಣ್ಣು ತಣಿಯುವಾಗ ಸೀಳುತ್ತದೆ, ಅಂಚಿನ ಗ್ಲೇಜ್ (ಗಾಜಿನ ಲೇಪ) ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕಿತ್ತಳೆ-ಕೆಂಪು ಛಾಯೆ ಬೇಕಿದ್ದರೆ ದಾರಿ ಬೇರೆ: ಚೀನಾಮಣ್ಣು 50, ಬಾಲ್ ಕ್ಲೇ 30, ಫೆಲ್ಡ್‌ಸ್ಪಾರ್ 20ರ ತೆಳು ಸ್ಲಿಪ್ (ನೀರಿನಲ್ಲಿ ಕಲಸಿದ ಮಣ್ಣು) ಬಳಿಯಿರಿ. ಅಲ್ಯೂಮಿನಾ ಹೆಚ್ಚಿರುವ ಮೈ ಸೋಡಿಯಂಗೆ ಬೇಗ ಸೋಲುವುದಿಲ್ಲ, ಹಾಗಾಗಿ ಗಾಜು ದಪ್ಪಗಟ್ಟುವ ಮೊದಲೇ ಬಣ್ಣ ಕೂರುತ್ತದೆ.

ಜೋಡಿಸುವಾಗ

ಪಾತ್ರೆ ಶೆಲ್ಫಿಗೆ ಅಂಟಿಕೊಂಡರೆ ತಪ್ಪು ನಡೆದದ್ದು ಇಲ್ಲಿಯೇ. ಮನೆಪಕ್ಕದಲ್ಲಿ ಸಿಗುತ್ತದೆಂದು ಪಾತ್ರೆಯಡಿಗೆ ಸಮುದ್ರದ ಹೊಯಿಗೆ ಹರಡುವವರಿದ್ದಾರೆ. ಹೊಯಿಗೆ ಎಂದರೆ ಸಿಲಿಕಾ, ಅದರೊಂದಿಗೆ ಚಿಪ್ಪಿನ ಸುಣ್ಣ. ಸೋಡಿಯಂ ಅದನ್ನು ಗಾಜು ಮಾಡಿ ಪಾತ್ರೆಯನ್ನೂ ಶೆಲ್ಫನ್ನೂ ಒಂದಾಗಿಸುತ್ತದೆ. ಅಲ್ಯೂಮಿನಾ ಹೈಡ್ರೇಟ್ ಮತ್ತು ಚೀನಾಮಣ್ಣು ಸಮ ತೂಕ, ಅದರ ನೂರಕ್ಕೆ 5ರಷ್ಟು ಮೈದಾ, ಇಷ್ಟನ್ನು ನೀರಿನಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಗೋಲಿ ಗಾತ್ರದ ಉಂಡೆಗಳನ್ನು ಪ್ರತಿ ಪಾತ್ರೆಯ ಬುಡಕ್ಕೆ ಮೂರರಂತೆ ಒತ್ತಿ. ಮೈದಾ ಸುಟ್ಟುಹೋಗಿ ಉಂಡೆ ಬೆಂಡಾಗುವ ಕಾರಣ ಪಾತ್ರೆ ಸಲೀಸಾಗಿ ಬಿಡುತ್ತದೆ. ಶೆಲ್ಫಿಗೆ ಬಳಿಯಲು ಮೈದಾ ಬಿಟ್ಟು ಇದೇ ಮಿಶ್ರಣವನ್ನು ಮಜ್ಜಿಗೆಯಷ್ಟು ತೆಳ್ಳಗೆ ಕಲಸಿ. ಮುಚ್ಚಳ ಕೂರುವ ಅಂಚಿಗೂ ಅದನ್ನೇ ಬಳಿದು, ನಡುವೆ ಚಿಕ್ಕ ಚಿಕ್ಕ ಉಂಡೆಯಿಡಿ.

ಭರಣಿಯ ಒಳಗೆ ಆವಿ ಹೋಗುವುದಿಲ್ಲ, ಮುಚ್ಚಳ ಹಾಕಿದ್ದರಂತೂ ಇಲ್ಲವೇ ಇಲ್ಲ. ಉಪ್ಪಿನಕಾಯಿಗೆ ಬಳಸುವ ಪಾತ್ರೆಯ ಒಳಮೈಗೆ ಸೀಸವಿಲ್ಲದ ಗ್ಲೇಜನ್ನು ಮೊದಲೇ ಸುರಿದು ತಿರುಗಿಸಿ ಚೆಲ್ಲಿರಬೇಕು.

ಪಾತ್ರೆಗಳ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ದೊಡ್ಡ ತಟ್ಟೆಯನ್ನು ಬೆಂಕಿಗೂಡಿನ ಎದುರು ನಿಲ್ಲಿಸಿದರೆ ಅದರ ಹಿಂದಿನ ಸಾಲು ಪೂರ್ತಿ ಒಣಗಿಯೇ ಬರುತ್ತದೆ. ಒಣ ಕಲೆ ಪ್ರತಿ ಸಲವೂ ಅದೇ ಮೂಲೆಯಲ್ಲಿ ಬೀಳುತ್ತಿದ್ದರೆ ಉಪ್ಪು ಏರಿಸುವ ಬದಲು ಜೋಡಣೆ ಬದಲಿಸಿ. ಕಮಾನಿನಲ್ಲಿ ಹಿಂದಿನ ಸುಡುವಿಕೆಯ ಗಾಜು ಹನಿಗಟ್ಟಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ, ಇದ್ದರೆ ಉಳಿಯಿಂದ ಕೆತ್ತಿ ತೆಗೆಯಿರಿ. ಕಡುಹಸಿರಿನ ಆ ಒಂದು ತೊಟ್ಟು ಬಟ್ಟಲಿಗೆ ಬಿದ್ದರೆ ಉಜ್ಜಿದರೂ ಹೋಗದು.

ಕಾವು ಏರಿಸುವಾಗ

ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿನಲ್ಲಿ ಇನ್ನೊಂದು ತೊಂದರೆಯಿದೆ. ಉಪ್ಪು ಕಂಡ ಇಟ್ಟಿಗೆ ಗಾಳಿಯ ತೇವ ಹೀರುತ್ತದೆ. ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬರಿದೇ ನಿಂತ ಭಟ್ಟಿ ಒಳಗೊಳಗೇ ಒದ್ದೆಯಾಗಿರುತ್ತದೆ. ಅದಕ್ಕೆ ನೇರವಾಗಿ ಜೋರು ಉರಿ ಕೊಟ್ಟರೆ ಇಟ್ಟಿಗೆ ಸಿಡಿಯುತ್ತದೆ, ಹಸಿಪಾತ್ರೆಯೂ ಒಡೆಯುತ್ತದೆ. ಮಳೆ ಬಿಟ್ಟ ನಂತರದ ಮೊದಲ ಸುಡುವಿಕೆಗೆ ಒಂದು ಇಡೀ ರಾತ್ರಿ ಸಣ್ಣ ಉರಿಯಲ್ಲಿ 100 ಡಿಗ್ರಿಯ ಹತ್ತಿರ ಒಣಗಿಸಿ.

700ರಿಂದ 950 ಡಿಗ್ರಿಯ ನಡುವೆ ಅವಸರ ಬೇಡ, ಗಾಳಿಯೂ ಚೆನ್ನಾಗಿರಲಿ. ಮಣ್ಣಿನೊಳಗಿನ ಕರಿ ಸುಟ್ಟುಹೋಗುವ ಹೊತ್ತು ಇದು. ಇಲ್ಲಿ ಹೊಗೆಯಾಡಿಸಿದರೆ ಒಡೆದ ಪಾತ್ರೆಯ ನಡುವೆ ಕಪ್ಪು ಗೆರೆ ಕಾಣುತ್ತದೆ, ಮುಂದೆ ಅಲ್ಲೇ ಗುಳ್ಳೆ ಏಳುತ್ತದೆ.

ಕಾವಿನ ಅಳತೆಯಲ್ಲಿ ಮೋಸ ಹೋಗುವವರು ಬಹಳ. ಕಾವು ಅಳೆಯುವ ತಂತಿಯಾದ ಥರ್ಮೋಕಪಲ್‌ಗೆ ಅಲ್ಯೂಮಿನಾ ಕವಚ ಇಲ್ಲದಿದ್ದರೆ ಉಪ್ಪಿನಾವಿ ಅದನ್ನು ತಿನ್ನುತ್ತದೆ, ಅಂಕೆ ಸುಳ್ಳಾಗುತ್ತದೆ. ಇಂತಿಷ್ಟು ಕಾವಿಗೆ ಬಾಗುವಂತೆ ಮಾಡಿದ ಚೂಪು ಕಡ್ಡಿಗಳಾದ ಕೋನ್‌ಗಳೂ ಸೋಡಿಯಂ ತಾಗಿದ ಮೇಲೆ ಇರಬೇಕಾದದ್ದಕ್ಕಿಂತ ಮೊದಲೇ ಬಾಗುತ್ತವೆ. ಆದ್ದರಿಂದ ಉಪ್ಪು ಹಾಕುವ ಮುಂಚಿನ ಕಾವಿಗೆ ಕೋನ್ ನಂಬಿ, ಆಮೇಲಿನದಕ್ಕೆ ನಡುನಡುವೆ ಹೊರಗೆಳೆದು ನೋಡುವ ಮಣ್ಣಿನ ಉಂಗುರವನ್ನು ನಂಬಿ. ಪಾತ್ರೆಯದೇ ಮಣ್ಣಿನಿಂದ ಬೆರಳು ದಪ್ಪದ ಆರು ಉಂಗುರ ಮಾಡಿ, ಮೇಲೆ ಮೂರು, ಕೆಳಗೆ ಮೂರು, ನೋಡುವ ಕಿಂಡಿಯ ನೇರಕ್ಕೆ ನಿಲ್ಲಿಸಿರಿ.

ಉಪ್ಪು, ಸೋಡಾ ಹಾಕುವಾಗ

1250 ಡಿಗ್ರಿ ದಾಟಿದಾಗ ಬಾಗುವ ಕೋನ್ 9 ಬಾಗತೊಡಗಿದಾಗ ಸುರು ಮಾಡಿ. ಒಳಜಾಗ 1 ಘನ ಮೀಟರ್ ಇರುವ, ಹಲವು ಸಲ ಸುಟ್ಟು ಹಳಗಿದ ಭಟ್ಟಿಗೆ 6ರಿಂದ 8 ಕಿಲೋ ಹರಳುಪ್ಪು ಸಾಕು. ಹೊಸ ಭಟ್ಟಿಗೆ ಇದರ ಎರಡರಷ್ಟು ಬೇಕು, ಇಟ್ಟಿಗೆಗಳೇ ಅರ್ಧ ಕುಡಿಯುತ್ತವೆ. 250 ಗ್ರಾಮಿನ ಪೇಪರ್ ಪೊಟ್ಟಣ ಕಟ್ಟಿ, ಕಬ್ಬಿಣದ ಆಂಗಲ್‌ನ ಮೇಲಿಟ್ಟು, ಎರಡೂ ಬದಿಯ ಬೆಂಕಿಗೂಡಿಗೆ ಒಂದೊಂದರಂತೆ ಜಾರಿಸಿ. ಚಿಮಣಿಯ ದಾರಿ ಮುಚ್ಚಿ ತೆರೆಯುವ ಹಲಗೆಯಾದ ಡ್ಯಾಂಪರನ್ನು ಮೂರು ನಾಲ್ಕು ನಿಮಿಷ ಅರ್ಧ ಮುಚ್ಚಿ, ಮತ್ತೆ ತೆರೆದು, ಕಾವು ಮೊದಲಿನ ಮಟ್ಟಕ್ಕೆ ಏರಿದ ಮೇಲೆಯೇ ಮುಂದಿನ ಪೊಟ್ಟಣ. ಹತ್ತು ನಿಮಿಷಕ್ಕೊಂದು ಸುತ್ತು ಎಂದಿಟ್ಟುಕೊಳ್ಳಿ. ಪ್ರತಿ ಸುತ್ತಿನಲ್ಲೂ ಭಟ್ಟಿ ತಣಿಯುತ್ತದೆ. ಕಾಯದೆ ಸುರಿದರೆ ಕೆಳಗಿನ ಶೆಲ್ಫಿನಲ್ಲಿ ಗಾಜಾಗದ ಬಿಳಿ ಹುಡಿ ಕೂರುತ್ತದೆ.

ಸೋಡಾ ಆದರೆ 2.5 ಕಿಲೋ ಸೋಡಾ ಆಶ್ 8 ಲೀಟರ್ ಬಿಸಿನೀರಿಗೆ. ನೀರಿಗೆ ಸೋಡಾ ಸುರಿಯುತ್ತಾ ಕಲಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕಲ್ಲುಗಟ್ಟುತ್ತದೆ. ದ್ರಾವಣ ಆರಿದರೆ ಹರಳಾಗಿ ನಳಿಗೆ ಕಟ್ಟುತ್ತದೆ, ಬಿಸಿಯಿರುವಾಗಲೇ ಬಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ಕೊರೆಯುತ್ತದೆ. ಅಡಿಕೆಗೆ ಮದ್ದು ಬಿಡುವ ಸ್ಪ್ರೇಯರನ್ನೇ ತಂದು ಬಳಸುವ ಆಸೆ ಬರಬಹುದು. ಮೈಲುತುತ್ತಿನ ಅಂಶ ಅದರಲ್ಲಿ ಉಳಿದಿದ್ದರೆ ತಾಮ್ರ ಆವಿಯಾಗಿ ಪಾತ್ರೆಗಳ ಮೇಲೆ ಬೇಡದ ಹಸಿರು, ಕೆಂಪು ಛಾಯೆ ಕೂರಿಸುತ್ತದೆ. ಭಟ್ಟಿಗೆಂದೇ ಬೇರೆ ಸ್ಪ್ರೇಯರ್ ಇರಲಿ. ಎಲ್ಲಾ ಕಿಂಡಿಗಳಿಂದಲೂ ಸರದಿಯಲ್ಲಿ, ಒಂದೂವರೆ ಗಂಟೆಯಲ್ಲಿ ಮುಗಿಯುವ ಹಾಗೆ ಸಿಂಪಡಿಸಿ. ನೇರವಾಗಿ ಪಾತ್ರೆಗೆ ತಾಗಿದರೆ ಅಲ್ಲೇ ಬಿರುಕು.

ಉಪ್ಪು ಸಿಡಿಯುತ್ತದೆ, ಕಿಂಡಿಯ ಎದುರು ನಿಲ್ಲದೆ ಪಕ್ಕಕ್ಕೆ ನಿಲ್ಲಿ. ಆಮ್ಲದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್, ಬಣ್ಣದ ಕನ್ನಡಕ ಕಡ್ಡಾಯ. ಬಟ್ಟೆಯ ಮಾಸ್ಕ್ ಯಾವ ಕೆಲಸಕ್ಕೂ ಬಾರದು. ಕರಾವಳಿಯಲ್ಲಿ ಹಗಲು ಗಾಳಿ ಕಡಲಿನಿಂದ, ರಾತ್ರಿ ನೆಲದಿಂದ ಬೀಸುತ್ತದೆ. ಮಧ್ಯಾಹ್ನ ಉಪ್ಪು ಹಾಕಿದರೆ ಹೊಗೆ ಮೂಡು ದಿಕ್ಕಿಗೆ ಹೋಗುತ್ತದೆ. ಆ ಬದಿಯಲ್ಲಿ ಮನೆಯೋ ತೋಟವೋ ಇದ್ದರೆ ಹೊತ್ತು ಬದಲಿಸಿ, ಇಲ್ಲವೇ ಸೋಡಾಕ್ಕೆ ತಿರುಗಿ.

ಮೂರನೇ ಒಂದು ಪಾಲು ಹಾಕಿದ ಮೇಲೆ ಮೊದಲ ಉಂಗುರಗಳನ್ನು ಕೊಕ್ಕೆಯಿಂದ ಎಳೆಯಿರಿ. ಮೇಲಿನದು ಮಿನುಗಿ ಕೆಳಗಿನದು ಒಣಗಿದ್ದರೆ ಕೆಳಗೆ ಕಾವು ಕಡಿಮೆ. ಡ್ಯಾಂಪರ್ ಸ್ವಲ್ಪ ಒಳಗೆ ತಳ್ಳಿ ಅರ್ಧ ಗಂಟೆ ಕಾಯಿರಿ. ಎರಡೂ ಒಣಗಿದ್ದರೆ ಮಾತ್ರ ಉಪ್ಪು ಮುಂದುವರಿಸಿ. ಹೊರಗೆ ಎಳೆದ ಉಂಗುರ ಥಟ್ಟನೆ ತಣಿಯುವ ಕಾರಣ ಅದರ ಬಣ್ಣ ಪಾತ್ರೆಯದ್ದಕ್ಕಿಂತ ಮಂಕು. ಬಣ್ಣ ಬಿಟ್ಟು ಗಾಜಿನ ದಪ್ಪವನ್ನೂ ಗುಳಿಗಳನ್ನೂ ನೋಡಿ.

ತಣಿಸುವಾಗ

ಕೊನೆಯ ಉಂಗುರ ಸರಿಯಿದ್ದರೆ ಇಪ್ಪತ್ತು ನಿಮಿಷ ಹೊಗೆಯಿಲ್ಲದ ಶುದ್ಧ ಉರಿ ಕೊಡಿ. ಇದನ್ನು ಬಿಟ್ಟರೆ ಮೆರುಗಿನಡಿ ಬೂದು ಮಸಿ ಸಿಕ್ಕಿಬೀಳುತ್ತದೆ. ಆಮೇಲೆ ಉರಿ ನಿಲ್ಲಿಸಿ, ಡ್ಯಾಂಪರ್ ತೆರೆದು 1050 ಡಿಗ್ರಿಯ ಹತ್ತಿರಕ್ಕೆ ಬೇಗ ಇಳಿಸಿ. ನಿಧಾನವಾದರೆ ಗಾಜಿನಲ್ಲಿ ಹರಳು ಬೆಳೆದು ಮಂಜು ಕವಿದಂತಾಗುತ್ತದೆ. ಅಲ್ಲಿಗೆ ಎಲ್ಲಾ ಕಿಂಡಿ ಮುಚ್ಚಿ ಬಿಟ್ಟುಬಿಡಿ. 573 ಡಿಗ್ರಿಯಲ್ಲಿ ಕ್ವಾರ್ಟ್ಸ್, ಸುಮಾರು 220ರಲ್ಲಿ ಸಿಲಿಕಾದ ಇನ್ನೊಂದು ರೂಪವಾದ ಕ್ರಿಸ್ಟೊಬಲೈಟ್ ಒಮ್ಮೆಲೇ ಕುಗ್ಗುತ್ತವೆ. ಆಗ ಬಾಗಿಲು ತೆರೆದರೆ ಟಣ್ಣೆಂದು ಸದ್ದು ಕೇಳುತ್ತದೆ, ಪಾತ್ರೆಯ ಮೈಯಲ್ಲಿ ಬಾಯಿಂದ ಬುಡದವರೆಗೆ ಚೂಪಂಚಿನ ಒಂದೇ ಸೀಳು. ಅಂಚಿನಿಂದ ಸುರುವಾಗಿ ಬಾಯಿ ಬಿಟ್ಟ, ಒಳಗೂ ಗ್ಲೇಜ್ ಹರಿದ ಬಿರುಕಾದರೆ ಅದು ಒಣಗಿಸುವಾಗಲೋ ಕಾವು ಏರಿಸುವಾಗಲೋ ಆದದ್ದು. ಬಿಚ್ಚುವುದು 100 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ.

ಹೊರತೆಗೆದ ಸೋಡಾ ಪಾತ್ರೆಯ ಮೇಲೆ ಕೆಲವು ದಿನಗಳಲ್ಲಿ ಬಿಳಿ ಹುಡಿ ಎದ್ದರೆ ವಿನೆಗರ್ ಹಾಕಿ ಉಜ್ಜಿ ತೊಳೆಯಿರಿ. ಮತ್ತೆ ಮತ್ತೆ ಏಳುತ್ತಿದ್ದರೆ ಆ ಪಾತ್ರೆ ಇದ್ದ ಜಾಗವನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಮುಂದಿನ ಸಲ ಅಲ್ಲಿನ ಕಾವು ತಿಳಿಯಲು ಒಂದು ಕೋನ್ ಇಡಿ.