ನಕ್ಷೆಗೆ ಮೊದಲು ಒಂದು ಮಳೆಗಾಲ

ನಮ್ಮ ಕ್ಯಾಂಪಸ್ಸಿಗೆ ಜಾಗ ಸಿಕ್ಕಿದ್ದು ಕಾಸರಗೋಡಿನ ಒಳಭಾಗದ ಒಂದು ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ. ನಾನು ಮೊದಲು ನೋಡಿದ್ದು ಮಾರ್ಚಿನಲ್ಲಿ. ಬೋಳು ಮುರಕಲ್ಲು (ಜಂಬಿಟ್ಟಿಗೆ), ಒಣಗಿದ ಮುಳಿಹುಲ್ಲು, ನಡುವೆ ತಟ್ಟೆಯಂಥ ಒಂದು ತಗ್ಗು. ಮಣ್ಣು ತುಂಬಿಸಿದರೆ ಸಮತಟ್ಟಾಗುತ್ತದೆ ಎಂದು ಮುಖ್ಯ ಕಟ್ಟಡವನ್ನು ಅಲ್ಲೇ ಗುರುತು ಮಾಡಿದೆ.

ಸರ್ವೆ ಮಾಡುವಾಗ ಕೆಳಗಿನ ಅಡಿಕೆ ತೋಟದ ಹಿರಿಯರೊಬ್ಬರು ಹತ್ತಿ ಬಂದರು. "ಅದು ಪಳ್ಳ ಮಾರಾಯ್ರೇ, ಮಳೆನೀರು ನಿಲ್ಲುವ ಜಾಗ. ಅದನ್ನು ಮುಚ್ಚಿದರೆ ನಮ್ಮ ಸುರಂಗ ಬತ್ತುತ್ತದೆ. ಒಂದು ಮಳೆಗಾಲ ನೋಡಿ, ಮತ್ತೆ ಗೆರೆ ಎಳೆಯಿರಿ" ಅಂದರು.

ಅವರ ಜೊತೆ ಸುರಂಗದೊಳಗೆ ಹೋದೆ. ನೀರಿಗಾಗಿ ಗುಡ್ಡದ ಒಳಕ್ಕೆ ಅಡ್ಡಲಾಗಿ ಕೊರೆದದ್ದು, ಒಬ್ಬರು ನಡೆಯುವಷ್ಟೇ ಅಗಲ. ತುದಿಯಲ್ಲಿ ನೀರು ಒಸರುತ್ತಿತ್ತು, ಮುರಕಲ್ಲು ಮುಗಿದು ಶೇಡಿಮಣ್ಣು ಎಂಬ ಜೇಡಿಯಂಥ ಮಣ್ಣು ಸಿಗುವ ಕಡೆ. ಅಲ್ಲಿ ನಿಂತಾಗಲೇ ನನ್ನ ತಪ್ಪು ಗೊತ್ತಾಯಿತು. ಪದವಿನ ಮೇಲ್ಪದರ ಗಟ್ಟಿ. ಮಳೆನೀರು ಪಳ್ಳದಲ್ಲಿ ನಿಂತು, ಬಿರುಕುಗಳ ಮೂಲಕ ನಿಧಾನಕ್ಕೆ ಇಳಿಯುತ್ತದೆ. ಶೇಡಿಮಣ್ಣು ಅದನ್ನು ಕೆಳಗೆ ಬಿಡುವುದಿಲ್ಲ. ಹಾಗಾಗಿ ಬದಿಗೆ ಸರಿದು ಗುಡ್ಡದ ಇಳಿಜಾರಿನಲ್ಲಿ ಹೊರಬರುತ್ತದೆ.

ಒಂದು ಮಳೆಗಾಲ ಕಾಯೋಣ ಎಂದು ಆಡಳಿತದವರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ವಾರಕ್ಕೊಮ್ಮೆ ಕೊಡೆ ಹಿಡಿದು ನಡೆದೆ. ನೀರು ಹರಿಯುವ ದಾರಿಗೆಲ್ಲ ಕಲ್ಲಿನ ಮೇಲೆ ಪೈಂಟಿನಲ್ಲಿ ಗುರುತು ಹಾಕಿದೆ. ಓಣಂ ಹೊತ್ತಿಗೆ ಪದವಿನ ತುಂಬ ನೀಲಿ ಹೂವು, ಮಲಯಾಳದವರು ಕಾಕ್ಕಪ್ಪೂವು ಎನ್ನುವುದು. ಮಾರ್ಚಿನಲ್ಲಿ ನಾನು ಬೋಳು ಎಂದುಕೊಂಡ ಜಾಗ ಅದು!

ಹೊಸ ನಕ್ಷೆಯಲ್ಲಿ ಕಟ್ಟಡ ಪೂರ್ವದ ಎತ್ತರದ ಅಂಚಿಗೆ ಹೋಯಿತು. ಅಗಲಕ್ಕೆ ಹರಡುವ ಬದಲು ಎರಡು ಮಹಡಿ. ಪಳ್ಳವನ್ನೂ ಅದಕ್ಕೆ ನೀರು ಬರುವ ದಾರಿಗಳನ್ನೂ ಮುಟ್ಟಲಿಲ್ಲ. ಗೋಡೆಯ ಕಲ್ಲನ್ನು ಅಲ್ಲೇ ಕಡಿದೆವು. ಹಸಿ ಮುರಕಲ್ಲು ಮೆದು, ಗಾಳಿಗೆ ಬಿಟ್ಟಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಕಡಿದ ಕೂಡಲೇ ಕಟ್ಟಲಿಲ್ಲ, ರಾಶಿ ಹಾಕಿ ಒಣಗಲು ಬಿಟ್ಟೆವು. ಕಲ್ಲು ತೆಗೆದ ಹೊಂಡ ಈಗ ಮಳೆನೀರಿನ ಕೆರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. 1,000 ಚದರ ಮೀಟರ್ ಮಾಡಿನ (ಚಾವಣಿಯ) ಮೇಲೆ ಬೀಳುವುದೇ 35 ಲಕ್ಷ ಲೀಟರ್, ಅದನ್ನು ಸುಮ್ನೆ ಚರಂಡಿಗೆ ಬಿಡುವುದುಂಟಾ?

ಗೋಡೆಗೆ ಗಾರೆ ಹಾಕಲಿಲ್ಲ. ಮಾಡನ್ನು ಎರಡಡಿ ಚಾಚಿದ್ದು ಪಡುವಣ ಬದಿಗೆ ಮಾತ್ರ ಸಾಲಲಿಲ್ಲ. ಆಟಿ ತಿಂಗಳ ಗಾಳಿಮಳೆಗೆ ತರಗತಿಯ ಒಳಗೋಡೆ ಪಸೆಯಾಯಿತು. ಮರುವರ್ಷ ಅಲ್ಲಿ ಉದ್ದಕ್ಕೆ ಜಗಲಿ ಇಳಿಸಿದೆವು. ಈಗ ಮಕ್ಕಳು ಜಾಸ್ತಿ ಕೂರುವುದು ಅಲ್ಲೇ.

ಮೊನ್ನೆ ವಾಹನ ನಿಲ್ಲಿಸಲು ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸುವ ಮಾತು ಬಂತು. ತೋರಿಸಿದ ಜಾಗ ಪಳ್ಳಕ್ಕೆ ನೀರು ಬರುವ ದಾರಿ. ಪೈಂಟಿನ ಗುರುತು ಇನ್ನೂ ಅಳಿಸಿಲ್ಲ. ಜೂನ್ ಬರಲಿ, ಅವರನ್ನೂ ಕೊಡೆ ಹಿಡಿದು ಬರಲು ಹೇಳಿದ್ದೇನೆ.